ಶಿಶುಗಳ ಹಾಲಿನ ಬಾಟಲಿ ಹಾಗೂ ಪಾತ್ರೆಗಳನ್ನು ರೋಗಾಣುಮುಕ್ತಗೊಳಿಸುವುದು: ಉಪಕರಣಗಳ ಆಯ್ಕೆ ಮತ್ತು ಬಳಕೆ

(ಗ್ರಾಮ ಪಂಚಾಯಿತಿಗಳ ಎಲ್ಲ ಸದಸ್ಯರ ಮಾಹಿತಿಗಾಗಿ)

ಉದ್ಯೋಗ ಖಾತರಿ ಕಾಮಗಾರಿಗಳಿಗೆ ತೆರಳುವ ತಾಯಂದಿರ ಮಕ್ಕಳ ಪಾಲನೆಗಾಗಿ ರಾಜ್ಯದ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಆರಂಭಿಸುವ ಯೋಜನೆಯನ್ನು 2023-24ನೇ ಸಾಲಿನ ಆಯವ್ಯಯದಲ್ಲಿ ಘೋಷಿಸಲಾಯಿತು. ಇಂತಹ ಶಿಶುಪಾಲನಾ ಕೇಂದ್ರಗಳಿಗೆ ಪಾತ್ರೆ, ಒಲೆ, ಆಟಿಕೆ ಮುಂತಾದವುಗಳ ಖರೀದಿ ಪ್ರಸ್ತಾವ ಸಭೆಯ ಮುಂದೆ ಬಂದಾಗ, ಹಾಲಿನ ಬಾಟಲಿಗಳನ್ನು ರೋಗಾಣುಮುಕ್ತಗೊಳಿಸುವ ವಿದ್ಯುತ್ ಉಪಕರಣ, ಅಂದರೆ ಸ್ಟೆರಿಲೈಜರ್, ಬೇಕೇ ಬೇಡವೇ ಎಂಬ ಪ್ರಶ್ನೆಯೂ ಏಳುತ್ತದೆ. ಮೇಲ್ನೋಟಕ್ಕೆ ಇದು ಸಣ್ಣ ಖರೀದಿ. ಆದರೆ ಆಯ್ಕೆ ತಪ್ಪಿದರೆ ಅಥವಾ ಬಳಕೆ ಸರಿಯಾಗಿ ನಡೆಯದಿದ್ದರೆ ಅದರ ಪರಿಣಾಮವನ್ನು ಎಳೆಯ ಮಕ್ಕಳು ವಾಂತಿ ಭೇದಿಯ ರೂಪದಲ್ಲಿ ಅನುಭವಿಸುತ್ತಾರೆ. ಈ ವಿಷಯದಲ್ಲಿ ಸದಸ್ಯರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಮೊದಲ ಸ್ಥಾನ ತಾಯಿಯ ಹಾಲಿಗೆ

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಆರಂಭಿಸಬೇಕು. ಮೊದಲ 6 ತಿಂಗಳು ಎದೆಹಾಲನ್ನು ಮಾತ್ರ ನೀಡಬೇಕು. ಅನಂತರ ಪೂರಕ ಆಹಾರದೊಂದಿಗೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲನ್ನು ಮುಂದುವರಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ತಾಯಿಯ ಎದೆಯಿಂದ ನೇರವಾಗಿ ಕುಡಿಯುವ ಮಗುವಿಗೆ ಬಾಟಲಿಯೂ ಬೇಡ, ಅದನ್ನು ಶುದ್ಧಗೊಳಿಸುವ ಉಪಕರಣವೂ ಬೇಡ. ಆದುದರಿಂದ ಕೂಸಿನ ಮನೆಯಲ್ಲಿ ತಾಯಿ ಕೆಲಸದ ನಡುವೆ ಬಂದು ಹಾಲುಣಿಸಲು ಮರೆಯಾದ ಒಂದು ಮೂಲೆ, ಕುಳಿತುಕೊಳ್ಳಲು ಆಸನ, ಕುಡಿಯಲು ನೀರು ಇವುಗಳ ವ್ಯವಸ್ಥೆಯು ಯಾವುದೇ ಸ್ಟೆರಿಲೈಜರ್‌ಗಿಂತ ಮೊದಲು ಆಗಬೇಕಾದ ಕೆಲಸ.

ಆದರೂ ತಾಯಿ ಇಲ್ಲದ ಮಕ್ಕಳು, ತಾಯಿಯ ಅನಾರೋಗ್ಯದಿಂದ ಎದೆಹಾಲು ದೊರೆಯದ ಮಕ್ಕಳು, ತಾಯಿ ಹಿಂಡಿ ಇಟ್ಟುಹೋದ ಹಾಲನ್ನು ಕುಡಿಯಬೇಕಾದ ಮಕ್ಕಳು ಪ್ರತಿ ಗ್ರಾಮದಲ್ಲಿಯೂ ಇರುತ್ತಾರೆ. ಮುಂದಿನ ವಿವರಣೆ ಮುಖ್ಯವಾಗಿ ಈ ಮಕ್ಕಳಿಗೆ ಸಂಬಂಧಿಸಿದ್ದು.

2. ಬಾಟಲಿಗಿಂತ ಬಟ್ಟಲು ಮೇಲು

ಹಾಲಿನಲ್ಲಿರುವ ಕೊಬ್ಬು ಮತ್ತು ಸಕ್ಕರೆಯ ಅಂಶಗಳು ಬಾಟಲಿಯ ಕತ್ತು, ಮುಚ್ಚಳದ ತಿರುಪು ಹಾಗೂ ರಬ್ಬರ್ ತೊಟ್ಟಿನ ಒಳಭಾಗದಲ್ಲಿ ತೆಳುವಾದ ಪೊರೆಯಾಗಿ ಅಂಟಿಕೊಳ್ಳುತ್ತವೆ. ಕಣ್ಣಿಗೆ ಕಾಣದ ಈ ಪೊರೆಯಲ್ಲಿ, ನಮ್ಮ ಬೇಸಿಗೆಯ ತಾಪದಲ್ಲಿ, ಬ್ಯಾಕ್ಟೀರಿಯಾಗಳು ಕೆಲವೇ ಗಂಟೆಗಳಲ್ಲಿ ಹಲವು ಪಟ್ಟು ಹೆಚ್ಚುತ್ತವೆ. ಬೆರಳು ತಲುಪದ ಜಾಗವನ್ನು ಬರೀ ನೀರು ಕುಲುಕಿ ತೊಳೆಯಲಾಗದು.

ಸ್ಟೀಲ್ ಬಟ್ಟಲು, ಚಮಚ ಹಾಗೂ ಒಳಲೆಗಳಲ್ಲಿ ಈ ತೊಂದರೆ ಇಲ್ಲ. ಇವುಗಳ ಮೈ ನಯವಾಗಿದ್ದು, ಎಲ್ಲ ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ಕುದಿಯುವ ನೀರಿನಲ್ಲಿ ಹಾಳಾಗುವುದಿಲ್ಲ. ಅಜ್ಜಿಯರು ಒಳಲೆಯಲ್ಲಿ ಹಾಲು ಕುಡಿಸುತ್ತಿದ್ದ ಪದ್ಧತಿಯನ್ನು ಇಂದು ನವಜಾತ ಶಿಶು ಆರೈಕೆ ಘಟಕಗಳಲ್ಲಿಯೂ ಕಡಿಮೆ ತೂಕದ ಮಕ್ಕಳಿಗಾಗಿ ಬಳಸಲಾಗುತ್ತಿದೆ. ಮಗುವನ್ನು ನೇರವಾಗಿ ಕೂರಿಸಿಕೊಂಡು, ಹಾಲನ್ನು ಬಾಯಿಗೆ ಸುರಿಯದೆ, ತುಟಿಗೆ ತಾಗಿಸಿ ಮಗುವೇ ಹೀರಿಕೊಳ್ಳುವಂತೆ ಕುಡಿಸಬೇಕು. ಪಂಚಾಯಿತಿ ಹಣದಲ್ಲಿ ಖರೀದಿಸುವುದಾದರೆ ಮೊದಲ ಆಯ್ಕೆ ಇವುಗಳೇ ಆಗಬೇಕು.

3. ತೊಳೆಯುವುದು ಬೇರೆ, ರೋಗಾಣುಮುಕ್ತಗೊಳಿಸುವುದು ಬೇರೆ

ಈ ಎರಡು ಕ್ರಿಯೆಗಳನ್ನು ಒಂದೇ ಎಂದು ಭಾವಿಸುವುದು ಸಾಮಾನ್ಯ. ತೊಳೆಯುವುದರಿಂದ ಜಿಡ್ಡು ಮತ್ತು ಹಾಲಿನ ಶೇಷ ಹೋಗುತ್ತದೆ. ಶಾಖ ಅಥವಾ ಕ್ಲೋರಿನ್‌ನಿಂದ ಉಳಿದ ರೋಗಾಣುಗಳು ಸಾಯುತ್ತವೆ. ಜಿಡ್ಡು ಉಳಿದ ಪಾತ್ರೆಯನ್ನು ಎಷ್ಟೇ ಬೆಲೆಯ ಸ್ಟೆರಿಲೈಜರ್‌ನಲ್ಲಿ ಇಟ್ಟರೂ, ಆ ಜಿಡ್ಡೇ ರೋಗಾಣುಗಳಿಗೆ ರಕ್ಷೆಯಾಗುತ್ತದೆ. ಆದುದರಿಂದ ಕ್ರಮ ಹೀಗಿರಬೇಕು:

• ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳುವುದು.
• ಹಾಲು ಕುಡಿಸಿದ ಕೂಡಲೇ ಪಾತ್ರೆಯನ್ನು ನೀರಿನಿಂದ ಜಾಲಿಸುವುದು, ಒಣಗಲು ಬಿಡಬಾರದು.
• ಬಾಟಲಿಯಾದರೆ ತೊಟ್ಟು, ತಿರುಪು, ಮುಚ್ಚಳ ಎಲ್ಲವನ್ನೂ ಬಿಡಿಸಿ, ಬಿಸಿ ನೀರು ಮತ್ತು ಸಾಬೂನಿನಲ್ಲಿ ಅದಕ್ಕೆಂದೇ ಮೀಸಲಾದ ಬ್ರಷ್‌ನಿಂದ ಉಜ್ಜುವುದು. ಬೂದಿ, ಮಣ್ಣು, ಎಲ್ಲ ಪಾತ್ರೆಗೂ ಬಳಸುವ ತೆಂಗಿನ ನಾರು ಬೇಡ.
• ಶುದ್ಧ ನೀರಿನಲ್ಲಿ ಸಾಬೂನಿನ ಅಂಶ ಹೋಗುವವರೆಗೆ ತೊಳೆದು, ಅನಂತರವೇ ರೋಗಾಣುಮುಕ್ತಗೊಳಿಸುವುದು.

ಒಂದು ವರ್ಷದೊಳಗಿನ ಮಕ್ಕಳ ಹಾಲಿನ ಪಾತ್ರೆಗಳಿಗೆ ಈ ಎರಡನೆಯ ಹಂತ ಅಗತ್ಯ. ಅವಧಿಗೆ ಮುನ್ನ ಹುಟ್ಟಿದ ಹಾಗೂ ತೂಕ ಕಡಿಮೆಯಿರುವ ಮಕ್ಕಳ ವಿಷಯದಲ್ಲಿ ಒಂದು ಬಾರಿಯೂ ತಪ್ಪಬಾರದು. ದೊಡ್ಡ ಮಕ್ಕಳ ತಟ್ಟೆ ಲೋಟಗಳನ್ನು ಬಿಸಿ ನೀರು, ಸಾಬೂನಿನಿಂದ ತೊಳೆದು ಚೆನ್ನಾಗಿ ಒಣಗಿಸಿದರೆ ಸಾಕು.

4. ಲಭ್ಯವಿರುವ ವಿಧಾನಗಳು

ಕುದಿಸುವುದು: ಅಗಲವಾದ, ಮುಚ್ಚಳವಿರುವ ಸ್ಟೀಲ್ ಪಾತ್ರೆ, ಒಂದು ಇಕ್ಕಳ ಮತ್ತು ಒಲೆ ಇಷ್ಟೇ ಸಾಕು. ಪಾತ್ರೆಗಳು ನೀರಿನಲ್ಲಿ ಪೂರ್ಣ ಮುಳುಗಿರಬೇಕು. ಬಾಟಲಿಯೊಳಗೆ ಗಾಳಿಯ ಗುಳ್ಳೆ ಉಳಿದರೆ ಅಷ್ಟು ಭಾಗಕ್ಕೆ ನೀರು ತಾಗುವುದಿಲ್ಲ. ನೀರು ಕೊತಕೊತ ಕುದಿಯಲಾರಂಭಿಸಿದ ಮೇಲೆ ಗಡಿಯಾರ ನೋಡಿ 10 ನಿಮಿಷ ಕುದಿಸಬೇಕು. ಮಡಿಕೇರಿಯಂತಹ ಎತ್ತರದ ಊರುಗಳಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ಗಿಂತ ಮೂರು ನಾಲ್ಕು ಡಿಗ್ರಿ ಕಡಿಮೆ ತಾಪದಲ್ಲಿಯೇ ಕುದಿಯುತ್ತದೆ. ಅಲ್ಲಿಯೂ ಪೂರ್ಣ 10 ನಿಮಿಷ ಪಾಲಿಸಿದರೆ ಉದ್ದೇಶ ಈಡೇರುತ್ತದೆ. ರಬ್ಬರ್ ತೊಟ್ಟುಗಳು ಪದೇಪದೇ ಕುದಿಸುವುದರಿಂದ ಬೇಗ ಸವೆಯುತ್ತವೆ. ಬಿರುಕು ಅಥವಾ ಅಂಟು ಕಂಡಕೂಡಲೇ ಬದಲಿಸಬೇಕು.

ವಿದ್ಯುತ್ ಹಬೆ ಸ್ಟೆರಿಲೈಜರ್: ಇಡ್ಲಿ ಪಾತ್ರೆಯಲ್ಲಿ ಹಬೆ ಕೆಲಸ ಮಾಡುವ ರೀತಿಯಲ್ಲಿಯೇ ಇದೂ ಕೆಲಸ ಮಾಡುತ್ತದೆ. ಅಳತೆಯ ನೀರು ಹಾಕಿ, ಪಾತ್ರೆಗಳನ್ನು ಬಾಯಿ ಕೆಳಗಾಗಿ ಜೋಡಿಸಿ ಗುಂಡಿ ಒತ್ತಿದರೆ, ಹಬೆಯಾಡುವ ಅವಧಿ ಮುಗಿದಾಗ ತಾನಾಗಿಯೇ ನಿಲ್ಲುತ್ತದೆ. ಸಮಯ ನೋಡುವ ಹೊಣೆ ತಪ್ಪುವುದು ಇದರ ಅನುಕೂಲ. ಆದರೆ ನಡುವೆ ವಿದ್ಯುತ್ ಹೋದರೆ ಮೊದಲಿನಿಂದ ಪುನಃ ಆರಂಭಿಸಬೇಕು. ಕೊಳವೆಬಾವಿಯ ಗಡಸು ನೀರು ಬಳಸಿದರೆ ಕಾಯುವ ತಟ್ಟೆಯ ಮೇಲೆ ಬಿಳಿಯ ಸುಣ್ಣದ ಪದರ ಕಟ್ಟುತ್ತದೆ. ಇದನ್ನು ತಯಾರಕರ ಸೂಚನೆಯಂತೆ ವಿನೆಗರ್ ಅಥವಾ ಸಿಟ್ರಿಕ್ ಆಮ್ಲದಿಂದ ಆಗಾಗ ತೆಗೆಯದಿದ್ದರೆ ಉಪಕರಣ ಕೆಡುತ್ತದೆ.

ಕ್ಲೋರಿನ್ ದ್ರಾವಣ: ಒಲೆ, ವಿದ್ಯುತ್ ಎರಡೂ ಇಲ್ಲದ ಸಂದರ್ಭದಲ್ಲಿ, ವಿಶೇಷವಾಗಿ ನೆರೆ ಪರಿಹಾರ ಕೇಂದ್ರಗಳಲ್ಲಿ, ಉಪಯುಕ್ತ. ಶಿಶುಗಳ ಪಾತ್ರೆಗಳಿಗೆಂದೇ ಮಾರಾಟವಾಗುವ ಮಾತ್ರೆ ಅಥವಾ ದ್ರಾವಣವನ್ನು ಅದರ ಮೇಲಿನ ಅಳತೆಯಂತೆ ಬೆರೆಸಿ, ಪಾತ್ರೆಗಳನ್ನು ಕನಿಷ್ಠ 30 ನಿಮಿಷ ಪೂರ್ಣ ಮುಳುಗಿಸಿಡಬೇಕು. ದ್ರಾವಣವನ್ನು 24 ಗಂಟೆಗೊಮ್ಮೆ ಬದಲಿಸಬೇಕು. ಲೋಹದ ಪಾತ್ರೆಗಳಿಗೆ ಇದು ಸೂಕ್ತವಲ್ಲ. ಓವರ್‌ಹೆಡ್ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿಯನ್ನು ಅಂದಾಜಿನ ಮೇಲೆ ಕಲಸಿ ಬಳಸಬಾರದು.

ನೇರಳಾತೀತ ಕಿರಣದ ಪೆಟ್ಟಿಗೆ: ಬೆಳಕು ನೇರವಾಗಿ ಬಿದ್ದ ಜಾಗದಲ್ಲಿ ಮಾತ್ರ ಕಿರಣ ಕೆಲಸ ಮಾಡುತ್ತದೆ, ನೆರಳು ಬಿದ್ದ ಒಳಮೂಲೆಗಳಲ್ಲಿ ಮಾಡದು. ದುರಸ್ತಿ ಕಷ್ಟವಿರುವ ಗ್ರಾಮೀಣ ಕೇಂದ್ರಗಳಿಗೆ ಇದು ತಕ್ಕುದಲ್ಲ.

ಯಾವ ವಿಧಾನವಾದರೂ, ಹೊರತೆಗೆದ ಪಾತ್ರೆಯನ್ನು ಬಟ್ಟೆಯಿಂದಾಗಲಿ ಸೀರೆಯ ಸೆರಗಿನಿಂದಾಗಲಿ ಒರೆಸಬಾರದು. ಹಾಗೆ ಒರೆಸಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಮುಚ್ಚಳವಿರುವ ಶುದ್ಧ ಡಬ್ಬದಲ್ಲಿ ಇಕ್ಕಳದಿಂದ ಎತ್ತಿಡಬೇಕು. 24 ಗಂಟೆಯೊಳಗೆ ಬಳಸದಿದ್ದರೆ ಪುನಃ ಶುದ್ಧಗೊಳಿಸಬೇಕು.

5. ಖರೀದಿಗೆ ಮುನ್ನ ಒಂದು ಲೆಕ್ಕ

ಒಂದು ಕೇಂದ್ರದಲ್ಲಿ ವರ್ಷದೊಳಗಿನ 6 ಮಕ್ಕಳಿದ್ದು, ಪ್ರತಿ ಮಗುವಿಗೆ ದಿನದಲ್ಲಿ 3 ಬಾರಿ ಹಾಲು ಕುಡಿಸಬೇಕಾಗಿದೆ ಎಂದಿಟ್ಟುಕೊಂಡರೆ, ದಿನಕ್ಕೆ 18 ಬಾರಿ ಶುದ್ಧವಾದ ಪಾತ್ರೆ ಬೇಕು. ಆರು ಬಾಟಲಿ ಹಿಡಿಯುವ ವಿದ್ಯುತ್ ಸ್ಟೆರಿಲೈಜರ್ ಅನ್ನು ದಿನಕ್ಕೆ ಮೂರು ಬಾರಿ ನಡೆಸಬೇಕಾಗುತ್ತದೆ. ಒಮ್ಮೆ ವಿದ್ಯುತ್ ಕೈಕೊಟ್ಟರೂ ಆರು ಮಕ್ಕಳ ಪಾತ್ರೆ ಶುದ್ಧವಾಗದೆ ಉಳಿಯುತ್ತದೆ. ಅದೇ 18 ಬಟ್ಟಲು, 18 ಚಮಚಗಳನ್ನು ದೊಡ್ಡ ಪಾತ್ರೆಯಲ್ಲಿ ಬೆಳಿಗ್ಗೆ ಒಮ್ಮೆ 10 ನಿಮಿಷ ಕುದಿಸಿದರೆ ಇಡೀ ದಿನಕ್ಕೆ ಸಾಕಾಗುತ್ತದೆ.

ಆದುದರಿಂದ ಖರೀದಿಯ ಆದ್ಯತೆ ಈ ಕ್ರಮದಲ್ಲಿರುವುದು ಸೂಕ್ತ: ಮೊದಲು ಸಾಕಷ್ಟು ಬಟ್ಟಲು ಮತ್ತು ಚಮಚ, ಅನಂತರ ಕುದಿಸುವ ಪಾತ್ರೆ, ಇಕ್ಕಳ, ಮುಚ್ಚಳದ ಡಬ್ಬ, ಗೋಡೆ ಗಡಿಯಾರ, ಆಮೇಲೆ ಅಡುಗೆ ಅನಿಲ ಹಾಗೂ ಸಾಬೂನಿನ ನಿರಂತರ ಪೂರೈಕೆ. ಇವೆಲ್ಲ ಇದ್ದು, ವಿದ್ಯುತ್ ಭರವಸೆಯಿರುವ ಕೇಂದ್ರವಾದರೆ ಮಾತ್ರ ಸ್ಟೆರಿಲೈಜರ್ ವಿಚಾರ. ಅದನ್ನು ಕೊಳ್ಳುವುದಾದರೆ ತಾನಾಗಿ ನಿಲ್ಲುವ ವ್ಯವಸ್ಥೆ, ನೆಲಸಂಪರ್ಕವಿರುವ ಮೂರು ಪಿನ್ನಿನ ಪ್ಲಗ್, ಖಾತರಿ ಪತ್ರ, ತಾಲ್ಲೂಕು ಮಟ್ಟದಲ್ಲಿ ದುರಸ್ತಿ ಸೌಲಭ್ಯ ಇವೆಯೇ ಎಂದು ನೋಡಬೇಕು. ಬಟ್ಟಲುಗಳ ತಳದ ಹೊರಭಾಗದಲ್ಲಿ ಕೇಂದ್ರದ ಹೆಸರು ಕೆತ್ತಿಸಿ ದಾಸ್ತಾನು ವಹಿಯಲ್ಲಿ ನಮೂದಿಸಬೇಕು.

6. ಪಾತ್ರೆ ಶುದ್ಧವಾದರೆ ಸಾಲದು

ಹಾಲಿನ ಪುಡಿ ರೋಗಾಣುಮುಕ್ತ ವಸ್ತುವಲ್ಲ ಎಂಬುದು ಅನೇಕರಿಗೆ ತಿಳಿಯದ ಸಂಗತಿ. ಮುಚ್ಚಿದ ಡಬ್ಬದಲ್ಲಿಯೂ ಸಾಲ್ಮೊನೆಲ್ಲಾ, ಕ್ರೋನೋಬ್ಯಾಕ್ಟರ್ ಎಂಬ ಅಪಾಯಕಾರಿ ರೋಗಾಣುಗಳು ಇರುವ ಸಾಧ್ಯತೆಯಿದೆ. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಗಳು 2007ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಪುಡಿಯನ್ನು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾಗದ ಬಿಸಿ ನೀರಿನಲ್ಲಿಯೇ ಕಲಸಬೇಕು. ಕುದಿಸಿದ ಒಂದು ಲೀಟರ್ ನೀರನ್ನು 30 ನಿಮಿಷಕ್ಕಿಂತ ಹೆಚ್ಚು ಆರಲು ಬಿಡದೆ ಬಳಸಿದರೆ ಈ ತಾಪ ಉಳಿದಿರುತ್ತದೆ. ಕಲಸಿದ ಮೇಲೆ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಇಟ್ಟು, ಮೈಶಾಖಕ್ಕೆ ಇಳಿಸಿ, ಮಣಿಕಟ್ಟಿನ ಮೇಲೆ ಹನಿ ಹಾಕಿ ಪರೀಕ್ಷಿಸಿಯೇ ಕುಡಿಸಬೇಕು. 2 ಗಂಟೆಯೊಳಗೆ ಕುಡಿಸದ ಹಾಲನ್ನೂ, ಮಗು ಕುಡಿದು ಉಳಿಸಿದ ಹಾಲನ್ನೂ ಚೆಲ್ಲಬೇಕು. ಹಾಲು ಹೆಚ್ಚು ದಿನ ಬರಲೆಂದು ನೀರು ಬೆರೆಸಿ ತೆಳುಮಾಡಿದರೆ ಮಗು ಅಪೌಷ್ಟಿಕತೆಗೆ ತುತ್ತಾಗುತ್ತದೆ.

ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರು ಸಹ ಕ್ಯಾನಿನಲ್ಲಿ, ಕೊಡದಲ್ಲಿ ಕಲುಷಿತಗೊಳ್ಳಬಹುದಾದ್ದರಿಂದ ಶಿಶುಗಳಿಗೆ ಕುದಿಸಿಯೇ ಬಳಸಬೇಕು. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಮತ್ತು ನೈಟ್ರೇಟ್ ಅಂಶಗಳು ಹೋಗುವುದಿಲ್ಲ. ಆ ಸಮಸ್ಯೆಯಿರುವ ಗ್ರಾಮಗಳಲ್ಲಿ ಪರೀಕ್ಷಿತ ಮೂಲದ ನೀರನ್ನೇ ಕುದಿಸಿ ಕೊಡಬೇಕು.

7. ಕಾನೂನಿನ ಎಚ್ಚರಿಕೆ

ಶಿಶು ಹಾಲಿನ ಬದಲಿಗಳು, ಹಾಲುಣಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳಿಗೆ ಸಂಬಂಧಿಸಿದ 1992ರ ಕೇಂದ್ರ ಅಧಿನಿಯಮವು, 2003ರ ತಿದ್ದುಪಡಿಯೊಂದಿಗೆ, ಈ ವಸ್ತುಗಳ ಜಾಹೀರಾತು, ಉಚಿತ ಮಾದರಿ ವಿತರಣೆ ಮತ್ತು ಉಡುಗೊರೆಗಳನ್ನು ನಿಷೇಧಿಸಿದೆ. ಅನಾಥಾಲಯಗಳ ಹೊರತು ಇತರರಿಗೆ ಬಾಟಲಿ ಅಥವಾ ಹಾಲಿನ ಪುಡಿಯನ್ನು ದಾನವಾಗಿ ಹಂಚುವಂತಿಲ್ಲ. ಉಲ್ಲಂಘನೆಗೆ 3 ವರ್ಷಗಳವರೆಗೆ ಕಾರಾಗೃಹ ಶಿಕ್ಷೆ ಅಥವಾ 5,000 ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಯಾವುದೇ ಅಂಗಡಿ ಅಥವಾ ದಾನಿ ಸದುದ್ದೇಶದಿಂದಲೇ ಬಾಟಲಿಗಳನ್ನು ಕೊಡಲು ಮುಂದೆ ಬಂದರೂ ಪಂಚಾಯಿತಿ ಅದನ್ನು ನಯವಾಗಿ ನಿರಾಕರಿಸಿ, ಆ ಬದಲು ಬಟ್ಟಲು, ಚಾಪೆ, ನೀರಿನ ಫಿಲ್ಟರ್ ಕೋರಬಹುದು. ಪೋಷಕರು ತಾವೇ ತರುವ ಬಾಟಲಿಗಳ ಮೇಲೆ ಐಎಸ್‌ಐ ಗುರುತು ಇದೆಯೇ ಎಂದು ನೋಡುವಂತೆ ಅವರಿಗೆ ತಿಳಿಸಬೇಕು.

8. ಭೇದಿ ಕಾಣಿಸಿಕೊಂಡಾಗ

ಎದೆಹಾಲನ್ನು ನಿಲ್ಲಿಸಬಾರದು. ಕೂಡಲೇ ಓಆರ್‌ಎಸ್ ದ್ರಾವಣ ಆರಂಭಿಸಿ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. 2 ತಿಂಗಳು ಮೀರಿದ ಮಕ್ಕಳಿಗೆ ಅವರ ಸಲಹೆಯಂತೆ ಜಿಂಕ್ ಮಾತ್ರೆಯನ್ನು 14 ದಿನ ಪೂರ್ತಿ ನೀಡಬೇಕು. ಮಗು ಹಾಲು ಕುಡಿಯದಿದ್ದರೆ, ಮಂಕಾದರೆ, ಕಣ್ಣು ಗುಳಿಬಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಒಂದೇ ಕೇಂದ್ರದ ಎರಡು ಮೂರು ಮಕ್ಕಳಿಗೆ ಒಮ್ಮೆಗೇ ಭೇದಿಯಾದರೆ ನೀರಿನ ಮೂಲ ಮತ್ತು ಪಾತ್ರೆಗಳ ಶುದ್ಧತೆಯನ್ನು ಅದೇ ದಿನ ಪರಿಶೀಲಿಸಬೇಕು.

9. ಭೇಟಿಯ ವೇಳೆ ಸದಸ್ಯರು ಗಮನಿಸಬೇಕಾದವು

• ಕೈ ತೊಳೆಯುವ ಜಾಗದಲ್ಲಿ ನೀರು ಮತ್ತು ಸಾಬೂನು ಎರಡೂ ಇವೆಯೇ?
• ಶುದ್ಧಗೊಳಿಸಿದ ಪಾತ್ರೆಗಳು ಮುಚ್ಚಿದ ಡಬ್ಬದಲ್ಲಿವೆಯೇ, ತೆರೆದ ಕಪಾಟಿನಲ್ಲಿವೆಯೇ?
• ಆರೈಕೆದಾರರು 10 ನಿಮಿಷವನ್ನು ಗಡಿಯಾರ ನೋಡಿ ಎಣಿಸುತ್ತಾರೆಯೇ?
• ಕುದಿಯುವ ನೀರು ಮತ್ತು ಒಲೆ ಮಕ್ಕಳ ಕೈಗೆ ಎಟುಕದ ಜಾಗದಲ್ಲಿವೆಯೇ?
• ಅನಿಲ ಮುಗಿದರೆ ಬದಲಿ ಸಿಲಿಂಡರ್ ಇದೆಯೇ?
• ತಾಯಂದಿರು ಬಂದು ಹಾಲುಣಿಸಲು ಜಾಗ ಮತ್ತು ಬಿಡುವು ದೊರೆಯುತ್ತಿದೆಯೇ?

ಈ ಆರು ಪ್ರಶ್ನೆಗಳನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ಉತ್ತರಗಳನ್ನು ನಡವಳಿಯಲ್ಲಿ ದಾಖಲಿಸುವುದು ಅಪೇಕ್ಷಣೀಯ. ‘ಇಲ್ಲ’ ಎಂಬ ಉತ್ತರ ಬಂದ ಅಂಶಕ್ಕೆ ಯಾರು, ಯಾವ ದಿನಾಂಕದೊಳಗೆ ಕ್ರಮ ಕೈಗೊಳ್ಳಬೇಕು ಎಂಬುದನ್ನೂ ಅದೇ ಸಭೆಯಲ್ಲಿ ನಿರ್ಣಯಿಸಬೇಕು.