ಲೈಬ್ರರಿಗೂ ಕೈಯಾಸರೆ ಬೇಕು

ಮಕ್ಕಳೇ, ಮನೆಯಲ್ಲಿ ಕಂದಾಯ ಕಟ್ಟಿ ಬಂದಾಗ ರಸೀದಿಯನ್ನೊಮ್ಮೆ ಕೇಳಿ ನೋಡಿ. ಅದರಲ್ಲಿ ‘ಗ್ರಂಥಾಲಯ ಕರ’ವೂ ಸೇರಿರುತ್ತದೆ. 1965ರ ಕಾಯ್ದೆಯಂತೆ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ. ಅಂದಮೇಲೆ ಅಲ್ಲಿನ ಪುಸ್ತಕಗಳಲ್ಲಿ ನಿಮ್ಮ ಮನೆಯ ಪಾಲೂ ಇದೆ.

ಆದರೆ ಧೂಳು ಒರೆಸಲು, ರಟ್ಟು ಕಟ್ಟಲು ಕೈಗಳು ಬೇಕಲ್ಲ? ಒಬ್ಬ ಗ್ರಂಥಪಾಲಕರು ಎಷ್ಟೆಂದು ಮಾಡಿಯಾರು?

ಮೈಸೂರಿನ ಸೈಯದ್ ಇಸಾಕ್ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಕೂಲಿ ಮಾಡಿ ಬದುಕಿದವರು. 2011ರಲ್ಲಿ ರಾಜೀವನಗರದಲ್ಲಿ ವಾಚನಾಲಯ ತೆರೆದರು. ದುಡಿದ ಹಣದಲ್ಲೇ ಪತ್ರಿಕೆ ತರಿಸುತ್ತಿದ್ದರು. 2021ರ ಏಪ್ರಿಲ್ 9ರಂದು ಬೆಂಕಿ ಬಿದ್ದು ಸುಮಾರು 11,000 ಪುಸ್ತಕಗಳು ಬೂದಿಯಾದವು, ಹೆಚ್ಚಿನವು ಕನ್ನಡದವು. ಸುದ್ದಿ ತಿಳಿದದ್ದೇ ತಡ, ಮುಖ ನೋಡದ ಜನ ಪುಸ್ತಕ, ಹಣ ಕೊಡಲು ಮುಂದೆ ಬಂದರು.

ನಮ್ಮ ಬಡಾವಣೆಯ ಲೈಬ್ರರಿಗೆ ನಾವು ನಾಲ್ವರು ನಿವೃತ್ತರು ವಾರಕ್ಕೆರಡು ದಿನ ಹೋಗುತ್ತೇವೆ. ಬ್ಯಾಂಕಿನಲ್ಲಿ ಲೆಡ್ಜರು ಬರೆದ ಕೈ ನನ್ನದು, ಬಂದ ಪುಸ್ತಕಗಳನ್ನು ರಿಜಿಸ್ಟರಿಗೆ ಏರಿಸುವ ಕೆಲಸ ನನಗೇ ಬಿತ್ತು. ದಾನವೆಂದು ಹಳೇ ಗೈಡುಗಳನ್ನು ತಂದು ಸುರಿಯಬೇಡಿ, ದಯವಿಟ್ಟು. ಗೆದ್ದಲು ಹಿಡಿದದ್ದಂತೂ ಬೇಡವೇ ಬೇಡ. ಪಕ್ಕದ ಸಾಲನ್ನೂ ತಿಂದೀತು. ಹರಿದ ಪುಟಕ್ಕೆ ಸೆಲ್ಲೋಟೇಪು ಹಚ್ಚಬಾರದು, ಬರಬರುತ್ತ ಹಳದಿಯಾಗಿ ಕಾಗದವನ್ನೇ ಕೆಡಿಸುತ್ತದೆ. ತೆಳು ಕಾಗದ, ಮೈದಾ ಅಂಟು ಸಾಕು. ಹುಳು ಬಾರದಿರಲೆಂದು ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ದೊಡ್ಡವರ ಕೆಲಸ.

ನಿಮಗೂ ಕೆಲಸವಿದೆ. ಕಣ್ಣು ಮಂಜಾದ ಅಜ್ಜಂದಿರು ಅಲ್ಲಿಗೆ ಬರುತ್ತಾರೆ. ಭಾನುವಾರ ಅರ್ಧ ಗಂಟೆ ಪತ್ರಿಕೆ ಓದಿ ಹೇಳಿ. ಸೋಮವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ.