ಅನಾಮಿಕ ಗೋಸಂಪಿಗೆ

ಮಂಗಳೂರಿನ ಹಿತ್ತಿಲುಗಳಲ್ಲಿ ಗೋಸಂಪಿಗೆಯು ಅಪರೂಪದ ಗಿಡವಲ್ಲ. ದೇವಗಣಗಿಲೆಯೆಂಬುದೂ ಇದರ ಹೆಸರೇ. ಅಮರಕೋಶದಲ್ಲಿ ಹೇಳಿದ ಚಂಪಕವು ಇದಲ್ಲ. ಇದು ಅಮೆರಿಕಾ ಖಂಡದ ಉಷ್ಣಪ್ರದೇಶದಿಂದ ಬಂದ ಅತಿಥಿ. ಹೆಸರಿಲ್ಲದೆ ಬಂದುದಕ್ಕೆ ನಮ್ಮವರು ಪರಿಚಿತವಾದ ಎರಡು ಗಿಡಗಳ ಹೆಸರನ್ನು ಎರವಲಿತ್ತರು. ಅವುಗಳಲ್ಲಿ ಕಣಗಿಲೆಯೆಂಬುದೇ ಶಾಸ್ತ್ರಕ್ಕೆ ಸಮೀಪವಾದುದು. ಏಕೆಂದರೆ ಕಣಗಿಲೆಯೂ ಇದೂ ಒಂದೇ ಕುಟುಂಬದವು. ಫ್ರೆಂಚ್ ಸನ್ಯಾಸಿಯೂ ಸಸ್ಯಜ್ಞನೂ ಆಗಿದ್ದ ಪ್ಲುಮಿಯೇ ಎಂಬವನ ಸ್ಮರಣಾರ್ಥವಾದ ‘ಪ್ಲುಮೇರಿಯಾ’ ಎಂಬ ಹೆಸರನ್ನು ಲಿನೇಯಸ್ ಪಂಡಿತನು 1753ರ ತನ್ನ ಗ್ರಂಥದಲ್ಲಿ ಬಳಸಿದನು.

ಈಗ ಅನೇಕ ಗೃಹಸ್ಥರಲ್ಲಿ ಹತ್ತಿಪ್ಪತ್ತು ಕುಂಡಗಳಷ್ಟು ಗೋಸಂಪಿಗೆಗಳಿವೆ. ನೆಂಟರು ಕೊಟ್ಟ ಗೆಲ್ಲು ಒಂದು, ಸಂತೆಯಲ್ಲಿ ಕೊಂಡುದು ಇನ್ನೊಂದು. ಯಾವುದು ಯಾವುದೆಂದು ಯಜಮಾನನೇ ಅರಿಯನು. ಇವುಗಳನ್ನು ಗುರುತಿಸುವ ಬಗೆಯೇನು?

ಮೊದಲು ಹೂವನ್ನು ಬಿಟ್ಟು ಎಲೆಯನ್ನು ನೋಡತಕ್ಕದ್ದು. ತುದಿ ಚೂಪಾಗಿದ್ದು, ಬೇಸಗೆಗೆ ಮುಂಚೆ ಎಲೆಯುದುರಿ ಬೋಳಾಗುವುದು ರೂಬ್ರಾ ಜಾತಿ. ತುದಿ ದುಂಡಗಾಗಿ, ಹೊಳಪಿನಿಂದ ಕೂಡಿ, ಬಹುಮಟ್ಟಿಗೆ ವರ್ಷವಿಡೀ ಹಸುರಾಗಿರುವುದು ಆಬ್ಟ್ಯೂಸಾ. ಹಾವಿನ ಹೆಡೆಯಂತೆ ತುದಿಯಲ್ಲಿ ಅಗಲವಾದ ಎಲೆಯೂ, ಪರಿಮಳವಿಲ್ಲದ ಬಿಳಿಯ ಹೂವೂ ಪುಡಿಕಾದ ಲಕ್ಷಣ. ಕಿರಿದಾದ ಎಲೆಯ ಅಂಚು ಕೆಳಕ್ಕೆ ಸುರುಳಿಗೊಂಡಿದ್ದರೆ ಅದು ಆಲ್ಬಾ.

ಜಾತಿಯನ್ನು ಹೀಗೆ ತಿಳಿಯಬಹುದು. ತಳಿಯನ್ನು ತಿಳಿಯುವುದು ಮಾತ್ರ ಸುಲಭವಲ್ಲ. ಬಿಳಿ, ಹಳದಿ, ಗುಲಾಬಿ, ಕೆಂಪು ಎಲ್ಲವೂ ರೂಬ್ರಾದಲ್ಲಿಯೇ ಉಂಟು. ಒಂದೇ ಗಿಡದ ಬಣ್ಣವು ಬಿಸಿಲು ಮಳೆಗಳಿಗೆ ತಕ್ಕಂತೆ ವ್ಯತ್ಯಾಸಗೊಳ್ಳುವುದು. ಬೀಜದಿಂದ ಹುಟ್ಟಿದ ಗಿಡವು ತಾಯಿಯನ್ನು ಹೋಲಬೇಕೆಂದಿಲ್ಲ. ಗೆಲ್ಲಿನಿಂದಲೋ ಕಸಿಯಿಂದಲೋ ಬೆಳೆದುದಕ್ಕೆ ಮಾತ್ರ ತಾಯಿಯ ಹೆಸರು ಸಲ್ಲುವುದು. ಆದುದರಿಂದ ತಳಿಯ ಹೆಸರಿಗೆ ಪ್ರಮಾಣವು ಚಿತ್ರವಲ್ಲ, ವಂಶ. ವಂಶವು ತಿಳಿಯದಿದ್ದರೆ ‘ಅನಾಮಿಕ’ವೆಂದೇ ಬರೆದು ಸಂಖ್ಯೆಯನ್ನು ಕೊಡತಕ್ಕದ್ದು. ಅದರಲ್ಲಿ ಲಜ್ಜೆಯಿಲ್ಲ. ಊಹೆಯಿಂದಿಟ್ಟ ಹೆಸರಾದರೋ ಪ್ರತಿಯೊಂದು ಗೆಲ್ಲಿನೊಡನೆ ಹತ್ತು ಮನೆಗಳಿಗೆ ಹೋಗುವುದು. ಅದನ್ನು ಮರಳಿ ಪಡೆಯುವ ಉಪಾಯವಿಲ್ಲ.

ನಮ್ಮೂರಿನ ಮಳೆಗಾಲದಲ್ಲಿ ಕಾಗದವೂ ಮಸಿಯೂ ಉಳಿಯವು. ತೆಳ್ಳಗಿನ ಅಲ್ಯೂಮಿನಿಯಂ ತಗಡಿನ ಮೇಲೆ ಮೊಳೆಯಿಂದ ಗೀರಿ ಬರೆದು, ಗೆಲ್ಲು ದಪ್ಪವಾದಾಗ ಬಿಗಿಯದಂತೆ ತಂತಿಯಿಂದ ಸಡಿಲವಾಗಿ ಕಟ್ಟಬೇಕು. ಅದೇ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದು, ಕೊಟ್ಟವರ ಮನೆ, ತಂದ ದಿನ, ಎಲೆಯ ಆಕಾರ, ಹೂವಿನ ಅಳತೆ, ಪರಿಮಳ, ಹೂ ಬಿಡುವ ತಿಂಗಳು ಇವುಗಳನ್ನು ಸೇರಿಸತಕ್ಕದ್ದು. ಗೆಲ್ಲನ್ನು ಕತ್ತರಿಸುವ ಮೊದಲೇ ಅದಕ್ಕೆ ಚೀಟಿ ಕಟ್ಟಬೇಕು. ಗಾಯವೊಣಗುವಂತೆ ವಾರವೊಂದು ನೆರಳಿನಲ್ಲಿಟ್ಟಾಗಲೇ ಗೆಲ್ಲುಗಳು ಒಂದರೊಡನೊಂದು ಬೆರೆತುಹೋಗುವುವು. ಅದರ ಹಾಲು ಕಣ್ಣಿಗೂ ಚರ್ಮಕ್ಕೂ ಉರಿಯನ್ನುಂಟುಮಾಡುವುದರಿಂದ ಮಕ್ಕಳನ್ನು ದೂರವಿಡಬೇಕು.

ಎಲೆಯನ್ನು ಮುಂದಿನ ವರ್ಷವೂ ನೋಡಬಹುದು. ಗಿಡವು ಯಾರ ತವರಿನಿಂದ ಬಂದಿತೆಂಬುದನ್ನು ಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಹಿರಿಯರು ಮಾತ್ರ. ಅವರು ಹೋದ ಬಳಿಕ ಯಾವ ಶಾಸ್ತ್ರವೂ ಅದನ್ನು ಹೇಳಲಾರದು. ಆದಕಾರಣ ತಗಡನ್ನು ಅರಸುವ ಮೊದಲೇ ಅವರ ಬಳಿ ಕುಳಿತು ಕೇಳಿ ಬರೆದಿಟ್ಟುಕೊಳ್ಳುವುದು ಗೃಹಸ್ಥನ ಮೊದಲ ಕೆಲಸ.