ವಿಡಿಯೊ ಒಮ್ಮೆ ಓಡಿ ನಿಂತುಬಿಡುತ್ತಿದೆಯೇ? ಮತ್ತೆ ಮತ್ತೆ ಪ್ಲೇ ಆಗಲು ಹೀಗೆ ಮಾಡಿ

ಚಾಕಣ, ಪುಣೆ ಜಿಲ್ಲೆ: ಬೆಳಗಿನ ಪಾಳಿಯ ಹೊತ್ತು. ಕಾರ್ಖಾನೆಯ ಗೇಟಿನೊಳಗೆ ಗೋಡೆಗೆ ಹಾಕಿರುವ ಟಿವಿಯಲ್ಲಿ ಸುರಕ್ಷತೆಯ ವಿಡಿಯೊ ಓಡುತ್ತಿದೆ. ಹೆಲ್ಮೆಟ್ ಹೇಗೆ ಹಾಕಬೇಕು, ಪ್ರೆಸ್ ಯಂತ್ರದ ಬಳಿ ಕೈ ಎಲ್ಲಿ ಇಡಬಾರದು, ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಹೊರಗೆ ಹೋಗಬೇಕು ಎಂಬುದೆಲ್ಲ ಅದರಲ್ಲಿದೆ. ಆರು ನಿಮಿಷಕ್ಕೆ ವಿಡಿಯೊ ಮುಗಿಯಿತು, ಪರದೆ ಕಪ್ಪಾಯಿತು. ಏಳನೇ ನಿಮಿಷಕ್ಕೆ ಒಳಗೆ ಬಂದ ಕಾರ್ಮಿಕನಿಗೆ ಏನೂ ಕಾಣಲಿಲ್ಲ.

ಇದು ಯಾವುದೋ ಒಂದು ಕಂಪನಿಯಲ್ಲಿ ನಡೆದ ಘಟನೆಯಲ್ಲ, ಒಂದು ಕಲ್ಪನೆ ಅಷ್ಟೇ. ಆದರೆ ಚಾಕಣದಂಥ ಊರಿನಲ್ಲಿ ಹೀಗಾಗುವುದು ಕಷ್ಟವೇನಲ್ಲ. ಪುಣೆ-ನಾಸಿಕ್ ಹೆದ್ದಾರಿಯಲ್ಲಿರುವ, ಖೇಡ್ ತಾಲೂಕಿನ ಈ ಪಟ್ಟಣ ಒಂದು ಕಾಲದಲ್ಲಿ ಕೋಟೆಗೂ ಈರುಳ್ಳಿ ಮಾರುಕಟ್ಟೆಗೂ ಹೆಸರಾಗಿತ್ತು. ಈಗ ಬಜಾಜ್, ಮಹೀಂದ್ರಾ, ಫೋಕ್ಸ್‌ವ್ಯಾಗನ್, ಮರ್ಸಿಡಿಸ್ ಬೆಂಜ್‌ನಂಥ ಕಂಪನಿಗಳ ವಾಹನಗಳು ಇಲ್ಲಿ ತಯಾರಾಗುತ್ತವೆ. ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳೂ ಸಾಕಷ್ಟಿವೆ. ಕೆಲಸ ಹುಡುಕಿಕೊಂಡು ಪುಣೆಯ ಕಡೆಗೆ ಹೋಗುವುದು ಕಲಬುರಗಿ, ವಿಜಯಪುರ, ಬೀದರ್ ಭಾಗದವರಿಗೆ ಹೊಸದೇನಲ್ಲ.

ಕಾಯ್ದೆ ಪ್ರಕಾರ ಕಾರ್ಖಾನೆಯಲ್ಲಿ ಹಾಕಬೇಕಾದ ಸೂಚನೆಗಳು ಇಂಗ್ಲಿಷ್ ಜತೆಗೆ ಅಲ್ಲಿನ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 108ನೇ ಸೆಕ್ಷನ್ ಹೇಳಿತ್ತು. ಆದರೆ ಪಾಳಿಯಲ್ಲಿ ನಾಲ್ಕೈದು ಮಂದಿ ಮಾತ್ರ ಕನ್ನಡಿಗರಿದ್ದರೆ? ಅವರು ಬಹುಪಾಲಿನ ಲೆಕ್ಕಕ್ಕೆ ಬರುವುದಿಲ್ಲ. ಅಂಥವರಿಗೆ ಮರಾಠಿ, ಹಿಂದಿಯ ಜತೆ ಒಂದು ಕನ್ನಡ ವಿಡಿಯೊವನ್ನೂ ಸುತ್ತು ಹಾಕಿಸುವುದು ಸುಲಭದ ದಾರಿ. ಆದರೆ ಅದನ್ನು ಸರಿಯಾಗಿ ಹಾಕಬೇಕು. ಹೇಗೆ ಎಂಬ ಮಾಹಿತಿ ಇಲ್ಲಿದೆ.

ವಿಡಿಯೊ ಯಾಕೆ ತಾನಾಗಿಯೇ ಮತ್ತೆ ಓಡುವುದಿಲ್ಲ?

ಎಂಪಿ4ನಂಥ ಸಾಮಾನ್ಯ ವಿಡಿಯೊ ಫೈಲಿನಲ್ಲಿ ಇರುವುದು ಚಿತ್ರ ಮತ್ತು ಧ್ವನಿ ಮಾತ್ರ. ‘ಮುಗಿದ ಮೇಲೆ ಮತ್ತೆ ಶುರು ಮಾಡು’ ಎಂಬ ಆದೇಶ ಅದರೊಳಗೆ ಇರುವುದಿಲ್ಲ. ಅದನ್ನು ಕೊಡಬೇಕಾದದ್ದು ಪ್ಲೇಯರ್‌ಗೆ. ಹೀಗಾಗಿಯೇ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇಡೀ ದಿನ ಸುತ್ತುತ್ತಿದ್ದ ವಿಡಿಯೊ, ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿದ ತಕ್ಷಣ ಒಮ್ಮೆ ಓಡಿ ನಿಲ್ಲುತ್ತದೆ. ಫೈಲ್ ಕೆಟ್ಟಿರುವುದಿಲ್ಲ, ಟಿವಿಗೆ ಯಾರೂ ಆದೇಶ ಕೊಟ್ಟಿರುವುದಿಲ್ಲ ಅಷ್ಟೇ.

ಜಿಫ್ ಚಿತ್ರಗಳು ಇದಕ್ಕೆ ಹೊರತು. 1987ರಲ್ಲಿ ಬಂದ ಈ ಮಾದರಿಗೆ 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರ್‌ನವರು ಎಷ್ಟು ಬಾರಿ ಸುತ್ತಬೇಕು ಎಂಬ ಸೂಚನೆಯನ್ನು ಸೇರಿಸಿದರು. ಆದ್ದರಿಂದ ಅದು ಫೈಲಿನೊಳಗೇ ಇರುತ್ತದೆ. ಆದರೆ ಜಿಫ್‌ನಲ್ಲಿ ಧ್ವನಿ ಇರುವುದಿಲ್ಲ.

ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಇದ್ದರೆ

ವಿಎಲ್‌ಸಿ ಉಚಿತ ಪ್ಲೇಯರ್. 2022ರಲ್ಲಿ ಭಾರತದಲ್ಲಿ ಇದರ ಅಧಿಕೃತ ವೆಬ್‌ಸೈಟ್ ತೆರೆಯುತ್ತಿರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ನಿರ್ಬಂಧ ತೆರವಾಯಿತು. ಹೀಗಾಗಿ ಸಿಕ್ಕಸಿಕ್ಕ ಸೈಟ್‌ಗಳಿಂದ ಡೌನ್‌ಲೋಡ್ ಮಾಡಬೇಡಿ, ವಿಡಿಯೊಲ್ಯಾನ್ ಸಂಸ್ಥೆಯ ಸೈಟ್‌ನಿಂದಲೇ ಪಡೆಯಿರಿ.

ಹಂತ 1: ಮರಾಠಿ, ಹಿಂದಿ, ಕನ್ನಡದ ಮೂರೂ ಫೈಲ್‌ಗಳನ್ನು ಒಟ್ಟಿಗೆ ಆಯ್ಕೆ ಮಾಡಿ ವಿಎಲ್‌ಸಿಯ ಪ್ಲೇಲಿಸ್ಟ್‌ಗೆ ಸೇರಿಸಿ.

ಹಂತ 2: ಕೆಳಗಿನ ಸಾಲಿನಲ್ಲಿ ಸುತ್ತು ಬಾಣದ ಗುರುತಿನ ಲೂಪ್ ಬಟನ್ ಇದೆ. ಅದನ್ನು ಒತ್ತುತ್ತಾ ಹೋದರೆ ಮೂರು ಸ್ಥಿತಿಗಳು ಬರುತ್ತವೆ: ಎಲ್ಲವೂ ಸುತ್ತುವುದು, ಒಂದೇ ಸುತ್ತುವುದು, ಸುತ್ತು ಬಂದ್. ಕೀಬೋರ್ಡ್‌ನಲ್ಲಿ ‘ಎಲ್’ ಕೀ ಒತ್ತಿದರೂ ಇದೇ ಕೆಲಸ ಆಗುತ್ತದೆ.

ಹಂತ 3: ‘ಎಲ್ಲವೂ ಸುತ್ತುವುದು’ ಸ್ಥಿತಿಯಲ್ಲೇ ಬಿಡಿ.

ಎಡವುವುದು ಇಲ್ಲೇ. ಗುರುತಿನ ಜತೆ ‘1’ ಎಂಬ ಅಂಕಿ ಕಂಡರೆ ಒಂದೇ ಫೈಲ್ ಸುತ್ತುತ್ತದೆ ಎಂದರ್ಥ. ಆಗ ಮೊದಲಿರುವ ಮರಾಠಿ ವಿಡಿಯೊ ದಿನವಿಡೀ ಓಡುತ್ತದೆ, ಕನ್ನಡದ ಸರದಿ ಬರುವುದೇ ಇಲ್ಲ. ಪರದೆ ಕಪ್ಪಾದರೆ ಯಾರಾದರೂ ಬಂದು ನೋಡುತ್ತಾರೆ. ಇಲ್ಲಿ ಟಿವಿ ಓಡುತ್ತಲೇ ಇರುವುದರಿಂದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಆಯ್ಕೆ ಯಾವಾಗಲೂ ಇರಲಿ ಎನ್ನುವವರು ಟೂಲ್ಸ್ ಮೆನುವಿನಲ್ಲಿ ಪ್ರಿಫರೆನ್ಸಸ್ ತೆರೆಯಿರಿ. ಕೆಳಗೆ ‘ಆಲ್’ ಆಯ್ಕೆ ಮಾಡಿ, ಪ್ಲೇಲಿಸ್ಟ್ ವಿಭಾಗದಲ್ಲಿ ‘ರಿಪೀಟ್ ಆಲ್’ಗೆ ಟಿಕ್ ಹಾಕಿ ಸೇವ್ ಮಾಡಿ.

ಟಿವಿ ಮತ್ತು ಪೆನ್‌ಡ್ರೈವ್ ಮಾತ್ರ ಇದ್ದರೆ

ವಿಡಿಯೊ ಓಡುತ್ತಿರುವಾಗ ರಿಮೋಟ್‌ನಲ್ಲಿ ಆಪ್ಷನ್ಸ್ ಅಥವಾ ಮೆನು ಒತ್ತಿ, ‘ರಿಪೀಟ್’ ಹುಡುಕಿ. ಒಂದೊಂದು ಟಿವಿಯಲ್ಲಿ ಅದು ಒಂದೊಂದು ಜಾಗದಲ್ಲಿ ಇರುತ್ತದೆ. ಗೊಂದಲವೇ ಬೇಡ ಎಂದರೆ ಮೊಬೈಲ್ ಎಡಿಟಿಂಗ್ ಆ್ಯಪ್‌ನಲ್ಲಿ ಮೂರೂ ಭಾಷೆಯ ವಿಡಿಯೊಗಳನ್ನು ಸೇರಿಸಿ ಒಂದೇ ಫೈಲ್ ಮಾಡಿಕೊಳ್ಳಿ. ಆಗ ‘ಒಂದೇ’ ಎಂದು ಒತ್ತಿದರೂ, ‘ಎಲ್ಲ’ ಎಂದು ಒತ್ತಿದರೂ ಕನ್ನಡ ತಪ್ಪುವುದಿಲ್ಲ.

ಈ ಅಂಶಗಳೂ ನೆನಪಿರಲಿ:

* ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ.
* ಯಂತ್ರಗಳ ಸದ್ದಿನಲ್ಲಿ ಮಾತು ಕೇಳಿಸದು. ಕನ್ನಡ ಅಕ್ಷರಗಳನ್ನು ವಿಡಿಯೊದ ಚಿತ್ರದಲ್ಲೇ ಮೂಡಿಸಿ. ಪ್ರತ್ಯೇಕ ಸಬ್‌ಟೈಟಲ್ ಫೈಲ್ ಕೊಟ್ಟರೆ ಕೆಲವು ಟಿವಿಗಳು ಕನ್ನಡದ ಬದಲು ಖಾಲಿ ಚೌಕ ತೋರಿಸುತ್ತವೆ.
* ರಿಮೋಟ್ ಮುಟ್ಟದೆ ಕೆಲವು ಗಂಟೆ ಕಳೆದರೆ ತಾನೇ ಆಫ್ ಆಗುವ ವ್ಯವಸ್ಥೆ ಹಲವು ಟಿವಿಗಳಲ್ಲಿದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ತೆಗೆದುಬಿಡಿ.
* ಒಎಲ್‌ಇಡಿ ಪರದೆಯಲ್ಲಿ ಒಂದೇ ಲೋಗೊ ಒಂದೇ ಜಾಗದಲ್ಲಿ ದಿನಗಟ್ಟಲೆ ನಿಂತರೆ ಅದರ ಕಲೆ ಉಳಿಯಬಹುದು.

ಯೂಟ್ಯೂಬ್‌ನಲ್ಲೇ ಸುತ್ತಿಸಬಹುದೇ?

ಸುತ್ತಿಸಬಹುದು. ಕಂಪ್ಯೂಟರ್‌ನಲ್ಲಿ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ‘ಲೂಪ್’ ಆಯ್ಕೆ ಮಾಡಿದರೆ ಆಯಿತು. ಮೊಬೈಲ್ ಆ್ಯಪ್‌ನಲ್ಲಿ ವಿಡಿಯೊದ ಸೆಟ್ಟಿಂಗ್ಸ್ ಗುರುತು ಒತ್ತಿ, ಹೆಚ್ಚುವರಿ ಸೆಟ್ಟಿಂಗ್ಸ್‌ನಲ್ಲಿ ಲೂಪ್ ಆನ್ ಮಾಡಿ. ಆದರೆ ಖರ್ಚಿನ ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 2 ಮೆಗಾಬಿಟ್ ಬೇಡುವ ವಿಡಿಯೊ ಪ್ರತಿ ಸುತ್ತಿಗೂ ಇಂಟರ್ನೆಟ್‌ನಿಂದಲೇ ಬಂದರೆ, 8 ಗಂಟೆಯ ಒಂದು ಪಾಳಿಗೆ ಸುಮಾರು 7.2 ಜಿಬಿ ಡೇಟಾ ಬೇಕು. ಜತೆಗೆ ನಡುವೆ ಜಾಹೀರಾತು ಬರಬಹುದು, ನೆಟ್‌ವರ್ಕ್ ಹೋದರೆ ವಿಡಿಯೊವೂ ನಿಲ್ಲುತ್ತದೆ. ದಿನವಿಡೀ ಓಡಬೇಕಾದ ವಿಡಿಯೊ ನಿಮ್ಮದೇ ಆಗಿದ್ದರೆ, ಅದರ ಫೈಲ್ ಕೈಯಲ್ಲಿರುವುದೇ ಒಳ್ಳೆಯದು.

ಕೊನೆಯದಾಗಿ ಒಂದು ಪರೀಕ್ಷೆ

ಎಲ್ಲ ಹಾಕಿಯಾದ ಮೇಲೆ ತಕ್ಷಣ ಹೊರಟುಬಿಡಬೇಡಿ. ವಿಡಿಯೊ ಪೂರ್ತಿ ಎರಡು ಸುತ್ತು ಓಡುವವರೆಗೆ ಅಲ್ಲೇ ನಿಲ್ಲಿ. ಮೊದಲ ಸುತ್ತಿನಲ್ಲಿ ಮೂರೂ ಭಾಷೆ ಬಂದವೇ ಎಂದು ಗೊತ್ತಾಗುತ್ತದೆ, ಎರಡನೇ ಸುತ್ತಿನಲ್ಲಿ ಅದು ನಿಜಕ್ಕೂ ಮರಳಿ ಶುರುವಾಯಿತೇ ಎಂದು ತಿಳಿಯುತ್ತದೆ. ಕರೆಂಟ್ ಹೋಗಿ ಬಂದಾಗಲೂ ಇದೇ ಪರೀಕ್ಷೆ ಮಾಡಿ, ಏಕೆಂದರೆ ಟಿವಿ ಮತ್ತೆ ಆನ್ ಆದರೂ ವಿಡಿಯೊ ತಾನಾಗಿ ಶುರುವಾಗುತ್ತದೆ ಎಂಬ ಖಾತ್ರಿ ಇಲ್ಲ. ಆರು ನಿಮಿಷದ ಮೂರು ವಿಡಿಯೊ ಎಂದರೆ ಎರಡು ಸುತ್ತಿಗೆ 36 ನಿಮಿಷ. ಊರು ಬಿಟ್ಟು ಬಂದು ಮೊದಲ ದಿನ ಯಂತ್ರದ ಮುಂದೆ ನಿಲ್ಲುವ ಹುಡುಗನಿಗೆ ಕೈ ಎಲ್ಲಿಡಬಾರದು ಎಂದು ಅವನದೇ ಭಾಷೆಯಲ್ಲಿ ಗೊತ್ತಾಗುವುದಾದರೆ, ಅಷ್ಟು ಹೊತ್ತು ಕಾಯುವುದು ದೊಡ್ಡದೇನಲ್ಲ.